ಸಮ್ಹಾಳನ್ನು ಮಾತ್ರ ಗುರುತಿಸುವ ಯಂತ್ರ

ಸಂತಾಪದ ಮೂರು ದಿನ ಮುಗಿದ ಮರುದಿನ ಬೆಳಿಗ್ಗೆ ಬಾಡಿಗೆ ಕುರ್ಚಿಯವರು ಬಂದು ಕುರ್ಚಿಗಳನ್ನೆಲ್ಲ ಲಾರಿಗೆ ಹೇರಿಕೊಂಡು ಹೋದರು. ಶಾಮಿಯಾನ ಬಿಚ್ಚಿದರು. ಅಂಗಳ ಖಾಲಿಯಾಯಿತು. ಒಂಟೆ ಮಾತ್ರ ಉಳಿಯಿತು.

ತುಫೂಲ್ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅದನ್ನು ನೋಡಿದಳು. ಒಂಟೆ ಮೆಲುಕು ಹಾಕುತ್ತ ಅವಳನ್ನು ನೋಡಿತು. ಮೂರು ದಿನದಲ್ಲಿ ಅದು ಚೆನ್ನಾಗಿ ಮೈತುಂಬಿಕೊಂಡಿತ್ತು. ಅಳಲು ಬಂದ ಹೆಂಗಸರು ಹೋಗುವಾಗ ಖರ್ಜೂರವೋ, ಮಿಕ್ಕ ಅನ್ನವೋ, ಹಲ್ವದ ತುಂಡೋ, ಕೈಗೆ ಸಿಕ್ಕಿದ್ದನ್ನು ಅದರ ಬಾಯಿಗೆ ತುರುಕಿ ಹೋಗಿದ್ದರು. ಮನೆಯವರು ಒಣಗಿದ್ದರು, ಒಂಟೆ ದುಂಡಗಾಗಿತ್ತು.

ಅವಳು ಎರಡು ಲೋಟ ಚಹಾ ಮಾಡಿದಳು. ಎರಡನೆಯ ಲೋಟ ಯಾರಿಗೆ ಎಂದು ಆಮೇಲೆ ಹೊಳೆಯಿತು. ಅದನ್ನು ಅತ್ತೆಗೆ ಕೊಟ್ಟಳು.

"ಸಕ್ಕರೆ ಜಾಸ್ತಿ," ಅಂದಳು ಘಾಲಿಯಾ.

"ಅವರಿಗೆ ಮಾಡೋ ಹಾಗೆ ಮಾಡಿಬಿಟ್ಟೆ ಅತ್ತೆ."

ಆದರೂ ಘಾಲಿಯಾ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು ಗದ್ದದಿಂದಲೇ ಅಂಗಳದ ಕಡೆ ತೋರಿಸಿ, "ಇವತ್ತು ಅದನ್ನ ಕಳಿಸಬೇಕು," ಅಂದಳು.

ತುಫೂಲ್‌ಳ ಗಂಡ ಬಖೀತ್‌ನ ಗೋರಿಗೆ ಮಣ್ಣು ಎಳೆಯುವ ಮುಂಚೆ ಅವನ ಚಿಕ್ಕಪ್ಪನ ಮಗ ವಾಡಿಕೆಯಂತೆ ಎದ್ದು ನಿಂತು ಕೂಗಿ ಹೇಳಿದ್ದ: ಇವನಿಂದ ಯಾರಿಗೆ ಏನು ಬರಬೇಕೋ ಅವರು ನಮ್ಮ ಮನೆಗೆ ಬಂದು ಕೇಳಲಿ, ಇಲ್ಲವೇ ಮನಸಾರೆ ಬಿಟ್ಟುಕೊಡಲಿ. ಜನ ಬಂದಿದ್ದರು. ಪಕ್ಕದ ಮನೆಯವನು ಏಣಿ ತೆಗೆದುಕೊಂಡು ಹೋದ. ಎದುರು ಮನೆಯವನು ಗೋಡೆ ಕೊರೆಯುವ ಯಂತ್ರ ಒಯ್ದ, ಅದರ ಮುರಿದ ಮೊನೆಯನ್ನು ಮನಸಾರೆ ಬಿಟ್ಟುಕೊಟ್ಟ. ಮಹಾದ್ ಮಾತ್ರ ಬರಲಿಲ್ಲ. ಅವನಿಂದ ಬಖೀತ್ ಎರವಲು ತಂದಿದ್ದ ಒಂಟೆ ಅಂಗಳದಲ್ಲೇ ನಿಂತಿತ್ತು.

ಎರವಲು ತಂದದ್ದು ಹಿಂತಿರುಗುವವರೆಗೂ ಸತ್ತವನ ಜೀವ ಕಟ್ಟಿಹಾಕಿದಂತೆ ಬಾಗಿಲಲ್ಲೇ ನಿಂತಿರುತ್ತದೆ ಎಂದು ಈ ಸಲಾಲಾ ಊರಿನಲ್ಲಿ ಹಿರಿಯರು ಹೇಳುತ್ತಾರೆ. ತುಫೂಲ್ ಮಸ್ಕತ್‌ನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವಳು. ಇದನ್ನು ನಂಬುತ್ತೇನೋ ಇಲ್ಲವೋ ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ಕಟ್ಟಿಹಾಕಿದ್ದು ಕಣ್ಣೆದುರೇ ಇತ್ತು.

ಘಾಲಿಯಾ ಫೋನಿನ ಸ್ಪೀಕರ್ ಹಾಕಿ ಮಹಾದ್‌ಗೆ ಕರೆ ಮಾಡಿದಳು. ಇಬ್ಬರೂ ಒಂದೇ ಬೆಟ್ಟದ ಮೇಲೆ ಆಡು ಕಾದು ಬೆಳೆದವರು.

"ಮಹಾದ್, ನಿನ್ನ ಒಂಟೆ ನಮ್ಮನೇಲೇ ಇದೆ."

"ಯಾವ ಒಂಟೆ?"

"ಸಮ್ಹಾ ಕಣೋ."

"ಆ ಹೆಸರಿನವರು ಯಾರೂ ನಂಗೆ ಗೊತ್ತಿಲ್ಲ."

"ಕತ್ತಿನ ಮೇಲೆ ನಿಮ್ಮ ಮನೆತನದ ಬರೆ ಇದೆಯಲ್ಲೋ!"

"ಬರೆ ಯಾರು ಬೇಕಾದ್ರೂ ಹಾಕ್ತಾರೆ. ಕಾಲ ಕೆಟ್ಟಿದೆ."

"ನಿನ್ನ ಮದುವೆ ದಿನ ಹೆಣ್ಣನ್ನ ಹೊತ್ಕೊಂಡು ಬಂದಿದ್ದು ಇದರ ಅಜ್ಜಿ, ನೆನಪಿದೆಯಾ?"

"ನಂಗೆ ಮದುವೇನೇ ಆಗಿಲ್ಲ."

ಆ ಕಡೆಯಿಂದ "ಏನಂದ್ರೀ?" ಎಂಬ ಹೆಂಗಸಿನ ದನಿ ಕೇಳಿಸಿತು. ಕರೆ ಕಡಿದುಹೋಯಿತು.

ಮಹಾದ್ ಯಾಕೆ ಹೀಗಾಡುತ್ತಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು. ಬಖೀತ್‌ನನ್ನು ಕೊಂದದ್ದು ಒಂಟೆ ಎಂದು ಊರೆಲ್ಲ ಸುದ್ದಿಯಾಗಿತ್ತು.

ಆ ಸುದ್ದಿಯನ್ನು ಯಾರೂ ಬೇಕೆಂದು ಹಬ್ಬಿಸಿರಲಿಲ್ಲ. ಬೆಟ್ಟದಾಚೆ ಥುಮ್ರೈತ್‌ಗೆ ಹೋಗುವ ರಸ್ತೆಯಲ್ಲಿ ಕತ್ತಲಾದ ಮೇಲೆ ಒಂಟೆಗೆ ಗುದ್ದಿ ಸತ್ತವರು ಪ್ರತಿ ಮನೆತನದಲ್ಲೂ ಇದ್ದಾರೆ. ಬಖೀತ್ ಅಂಥ ಸಾವುಗಳನ್ನು ತಪ್ಪಿಸುವ ಯಂತ್ರ ಮಾಡಲು ಹೊರಟಿದ್ದ. ಅಂಥವನು ಈ ವಯಸ್ಸಿಗೆ ಸತ್ತನೆಂದರೆ ಒಂಟೆಯಲ್ಲದೆ ಇನ್ನೇನು? ಮೊದಲ ದಿನ ಒಬ್ಬಳು, "ಒಂಟೆಯೇನಮ್ಮಾ?" ಎಂದು ತುಫೂಲ್‌ಳ ಕೈಹಿಡಿದು ಕೇಳಿದಳು. ತುಫೂಲ್ ಅವಳಿಗೆ ಕೂರಲು ಕುರ್ಚಿ ತೋರಿಸಿದಳು. ಎರಡನೆಯ ದಿನದ ಹೊತ್ತಿಗೆ ಆ ಒಂಟೆಗೆ ಬಣ್ಣ ಬಂದಿತ್ತು. ಮೂರನೆಯ ದಿನ ಅದು ಅಂಗಳದಲ್ಲೇ ಕಟ್ಟಿಹಾಕಿದ್ದ ಒಂಟೆಯಾಯಿತು. ಬಂದವರು ದೂರ ನಿಂತು ಅದರ ಫೋಟೋ ತೆಗೆದರು. ಒಬ್ಬ ಮುದುಕಿ ಅದರ ಮುಖಕ್ಕೆ ಶಾಪ ಹಾಕಿ, ಕೆಮ್ಮಿ, ಆಮೇಲೆ ಮರುಕದಿಂದ ಖರ್ಜೂರ ತಿನ್ನಿಸಿದಳು.

ಘಾಲಿಯಾ ಕೂಡ ಯಾರನ್ನೂ ತಿದ್ದಲಿಲ್ಲ. ಒಂಟೆ ಎಂದರೆ ಜನಕ್ಕೆ ಅರ್ಥವಾಗುತ್ತಿತ್ತು, ತಲೆಯಾಡಿಸುತ್ತಿದ್ದರು, ಮುಂದಿನ ಪ್ರಶ್ನೆ ಇರುತ್ತಿರಲಿಲ್ಲ.

ಯಂತ್ರ ಇನ್ನೂ ಬಖೀತ್‌ನ ಹಳೆಯ ಪಿಕಪ್ಪಿನ ಮುಂಗಾಜಿನ ಮೇಲೆ ಕೂತಿತ್ತು. ಸಾಬೂನಿನ ಡಬ್ಬಿಯಷ್ಟಿತ್ತು. ಬೆಳಕನ್ನಲ್ಲ, ಶಾಖವನ್ನು ನೋಡುವ ಕಣ್ಣು. ದುಬಾರಿ ಕಾರುಗಳಲ್ಲಿ ಇಂಥ ಕಣ್ಣು ಬಹಳ ವರ್ಷದಿಂದ ಇದೆ, ಆದರೆ ಆ ಕಾರಿನವರು ಥುಮ್ರೈತ್‌ಗೆ ಕತ್ತಲಲ್ಲಿ ಹೋಗುವುದಿಲ್ಲ ಎನ್ನುತ್ತಿದ್ದ ಬಖೀತ್. ಹೋಗುವವರು ಮೇವು ಹೇರಿಕೊಂಡ ಪಿಕಪ್ಪಿನವರು. ಅವರ ಕೈಗೆಟುಕುವಂಥದ್ದು ಬೇಕು. ಹಾಗಾಗಿ ಅಗ್ಗದ ಸೆನ್ಸರ್ ತಂದ. ಅಗ್ಗದ ಕಣ್ಣಿಗೆ ಚಿತ್ರ ಕಟ್ಟುವ ಚುಕ್ಕಿಗಳು ಕಡಿಮೆ. ಅದರಲ್ಲಿ ಒಂಟೆ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುತ್ತಿತ್ತು.

ಪೊಟ್ಟಣಗಳಲ್ಲಿ ಒಂಟೆ ಯಾವುದು, ಬಂಡೆ ಯಾವುದು ಎಂದು ಯಂತ್ರಕ್ಕೆ ಕಲಿಸಬೇಕಿತ್ತು. ಅದಕ್ಕಾಗಿ ಮಹಾದ್‌ನಿಂದ ಸಮ್ಹಾಳನ್ನು ಎರವಲು ತಂದ. ಸಂಜೆ ಊಟವಾದ ಮೇಲೆ ತುಫೂಲ್ ಗಣಕದ ಮುಂದೆ ಕೂತು ಚಿತ್ರದಿಂದ ಚಿತ್ರಕ್ಕೆ ಸಮ್ಹಾಳ ಸುತ್ತ ಚೌಕ ಎಳೆಯುತ್ತಿದ್ದಳು. ನಿಂತ ಸಮ್ಹಾ, ಕೂತ ಸಮ್ಹಾ, ಹಿಂದಿನಿಂದ ಸಮ್ಹಾ. ಗಂಡಹೆಂಡಿರು ಸಿನಿಮಾ ನೋಡುವ ಹೊತ್ತಲ್ಲಿ ಇವರಿಬ್ಬರೂ ಒಂಟೆ ನೋಡಿದರು.

ಎಚ್ಚರಿಕೆಗೆ ಬಖೀತ್ ತನ್ನ ದನಿಯನ್ನೇ ಹಾಕಿದ್ದ. "ಪಿಕಪ್ಪಿನವರು ಬೀಪ್ ಸದ್ದಿಗೆ ಹೆದರಲ್ಲ, ಬೈದರೆ ಮಾತ್ರ ಕೇಳ್ತಾರೆ," ಎಂಬುದು ಅವನ ವಾದ.

ಅಧಿಕಾರಿಗಳ ಮುಂದೆ ಮೊದಲ ಪರೀಕ್ಷೆ ನಡೆದ ದಿನ ಒಂದು ದೊಡ್ಡ ಹಿಂಡು ಪಿಕಪ್ಪಿನ ಮುಂದೆ ಹಾದುಹೋಯಿತು. ಯಂತ್ರ ತುಟಿ ಬಿಚ್ಚಲಿಲ್ಲ. ಒಂಟೆಗಳು ನಿಂತು ಯಂತ್ರವನ್ನು ನೋಡಿದವು, ಒಂದು ಬಂದು ಅದನ್ನು ನೆಕ್ಕಿತು. ಅಧಿಕಾರಿಗಳು ಗಂಟಲು ಸರಿಪಡಿಸಿಕೊಂಡರು. ಕೊನೆಯಲ್ಲಿ ಸಮ್ಹಾ ತನ್ನ ಎಡಕ್ಕೆ ವಾಲಿದ ಡುಬ್ಬ ಹೊತ್ತುಕೊಂಡು, ಯಾವ ಅವಸರವೂ ಇಲ್ಲದೆ ಬಂದಳು. ಯಂತ್ರ ಕಿವಿ ಹರಿಯುವಂತೆ ಕಿರುಚಿತು. ಅದು ಒಂಟೆ ಎಂದರೇನೆಂದು ಕಲಿತೇ ಇರಲಿಲ್ಲ, ಸಮ್ಹಾ ಎಂದರೇನೆಂದು ಕಲಿತಿತ್ತು. ಒಬ್ಬ ಅಧಿಕಾರಿ, "ಹಾಗಾದರೆ ರಸ್ತೆಗೆ ಇದೊಂದನ್ನೇ ಬಿಟ್ಟರೆ ಅಪಘಾತ ಇರಲ್ಲ," ಅಂದ. ಬಖೀತ್ ಮನೆಗೆ ಬರುವ ದಾರಿಯುದ್ದಕ್ಕೂ ನಕ್ಕ. ಇನ್ನಷ್ಟು ಒಂಟೆ ಎರವಲು ಕೇಳಬೇಕು ಅಂದ. ಕೇಳಲಿಲ್ಲ.

"ಸಮ್ಹಾಳನ್ನ ನಾನೇ ಕರ್ಕೊಂಡು ಹೋಗ್ತೀನಿ," ಅಂದಳು ತುಫೂಲ್, ಮಹಾದ್‌ನ ಕರೆ ಕಡಿದ ಮೇಲೆ.

"ಗಂಡ ಹೋದವಳು ನೀನು, ಇದ್ದತ್‌ನಲ್ಲಿದೀಯ ಮಗಳೇ. ಹೊಸಿಲು ದಾಟೋ ಹಾಗಿಲ್ಲ."

"ನಿಮಗೆ ಗಾಡಿ ಬರಲ್ಲ."

ಅದು ನಿಜ. ಬಖೀತ್‌ನ ಚಿಕ್ಕಪ್ಪನ ಮಗನನ್ನು ಕೇಳಿದರೆ, ಕೊಲೆಗಾರ ಒಂಟೆಯನ್ನು ಬೆನ್ನ ಹಿಂದಿಟ್ಟುಕೊಂಡು ಘಾಟಿ ಹತ್ತಲಾರೆ ಅಂದ. ಘಾಲಿಯಾ ಮಸೀದಿಯ ಇಮಾಮರಿಗೆ ಫೋನ್ ಮಾಡಿದಳು.

"ಒಂಟೆ ಹಿಂತಿರುಗಿಸೋದು ಅಗತ್ಯ ಕೆಲಸ ಅನ್ನಿಸ್ಕೊಳ್ಳುತ್ತಾ, ಗುರುಗಳೇ?"

"ಯಾವ ಒಂಟೆ? ಕೊಂದಿದ್ದಾ?"

"ಎರವಲು ತಂದಿದ್ದು."

"ಎರವಲು ಅಂದ್ರೆ ಅಗತ್ಯವೇ ತಾಯಿ. ಹಗಲಲ್ಲಿ ಹೋಗಿ ಹಗಲಲ್ಲೇ ಮನೆ ಸೇರಲಿ." ಆಮೇಲೆ ಅವರೂ ಕೇಳಿದರು, "ಅದು ಒದೆಯುತ್ತಾ?"

ಅಂಗಳದಲ್ಲಿ ಘಾಲಿಯಾ ಒಂಟೆ ಕರೆಯುವ ಒಂದು ಸದ್ದನ್ನು ಗಂಟಲಿನಿಂದ ತೆಗೆದಳು. ಸಮ್ಹಾ ಇಳಿಜಾರು ಹಲಗೆ ಹತ್ತಿ ಪಿಕಪ್ಪಿನ ಹಿಂಬದಿಯಲ್ಲಿ ಮಂಡಿಯೂರಿ ಕೂತಳು. ಮೊಣಕಾಲು ಕಟ್ಟಿದರು. ಇದ್ದತ್‌ನ ಸುಗಂಧವಿಲ್ಲದ ಬಟ್ಟೆಯಲ್ಲಿ ಸೊಸೆ, ಪಕ್ಕದಲ್ಲಿ ಕಾಫಿ ಪಾತ್ರೆ ಹಿಡಿದ ಅತ್ತೆ, ಮೇಲೆ ರಾಣಿಯಂತೆ ಒಂಟೆ. ಬೀದಿಯವರು ಬಾಗಿಲುಗಳಲ್ಲಿ ನಿಂತು ನೋಡಿದರು. ಯಾರೋ ಸಮ್ಹಾಳ ಕಡೆಗೊಂದು ಬಾಳೆಹಣ್ಣು ಎಸೆದರು.

ಮಂಜಿನ ಕಾಲ ಮುಗಿದಿತ್ತು. ಬೆಟ್ಟದ ಹಸಿರು ಹಳದಿಯಾಗುತ್ತಿತ್ತು, ಘಾಟಿ ದಾಟಿದ ಮೇಲೆ ಅದೂ ಇರಲಿಲ್ಲ. ರಸ್ತೆಯ ಬದಿಗೆ ಒಂಟೆಗಳು ಕಂಡವು. ಯಂತ್ರ ಅವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದಕ್ಕೆ ಗೊತ್ತಿದ್ದವಳು ಹಿಂದೆ ಕೂತಿದ್ದಳು.

"ಅವನು ತಗೊಳ್ಳಲ್ಲ," ಅಂದಳು ಘಾಲಿಯಾ.

"ತಗೊಳ್ಳೋವರೆಗೂ ಕೂರೋಣ."

"ಸೂರ್ಯ ಇಳಿಯೋಕೆ ಮುಂಚೆ ನೀನು ಮನೇಲಿರ್ಬೇಕು."

"ಹಾಗಾದ್ರೆ ಬೇಗ ತಗೊಳ್ಳೋ ಹಾಗೆ ಮಾಡೋಣ."

ಮಹಾದ್‌ನ ಬಿಡಾರ ರಸ್ತೆಯಿಂದ ಒಳಗೆ, ಬಯಲಿನಲ್ಲಿತ್ತು: ತಂತಿಬೇಲಿಯ ದೊಡ್ಡಿ, ಒಂದು ಗುಡಾರ, ಬಿಸಿಲಿಗೆ ಬೆಂದ ಒಂದು ಉದ್ದನೆಯ ಸಿಮೆಂಟ್ ಗೋಡೆ. ಪಿಕಪ್ ಕಂಡದ್ದೇ ಮುದುಕ ಗುಡಾರದಿಂದ ಹೊರಬಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಅದು ಯಾಕೆಂದು ತುಫೂಲ್‌ಗೆ ಅರ್ಥವಾಯಿತು. ಅವನ ಮನೆತನದಲ್ಲಿ ಒಂಟೆ ಕೊಡುವುದೂ ಪಡೆಯುವುದೂ ಹಗ್ಗದಿಂದ. ಹಗ್ಗ ಕೈಯಿಂದ ಕೈಗೆ ಹೋಗಬೇಕು, ಪಡೆದವನು "ತಲುಪಿತು" ಅನ್ನಬೇಕು. ಕೊರಳಿಗೆ ಹಗ್ಗ ಬಿಟ್ಟು ಒಂಟೆಯನ್ನು ದೊಡ್ಡಿಗೆ ಅಟ್ಟಿ ಬಂದರೆ ಅದು ಕೊಟ್ಟ ಲೆಕ್ಕವಲ್ಲ. ಕೈಯೇ ಇಲ್ಲದಿದ್ದರೆ ಪಡೆಯುವವನೂ ಇಲ್ಲ.

"ಬನ್ನಿ, ಬನ್ನಿ," ಅಂದ ಮಹಾದ್ ಕೈ ಬಿಚ್ಚದೆ. ಒಂಟೆಯ ಕಡೆ ಕಣ್ಣೆತ್ತಲಿಲ್ಲ. "ಬಖೀತನ ಅಮ್ಮಾ, ನಿನ್ನ ದುಃಖ ನನ್ನ ದುಃಖ. ಯಾವ ಮುಖ ಇಟ್ಕೊಂಡು ಬರಲಿ ಅಂತ ಬರಲಿಲ್ಲ."

"ಇರೋ ಮುಖ ಇಟ್ಕೊಂಡು ಬರ್ಬೇಕಿತ್ತು. ಇಲ್ದಿದ್ರೆ ಬೇರೆಯವರದ್ದು ಎರವಲು ಸಿಗ್ತಿರಲಿಲ್ವಾ?"

ಅತಿಥಿಗೆ ಕಾಫಿಯನ್ನು ಮನೆಯ ಯಜಮಾನನೇ ಬಗ್ಗಿಸಬೇಕು. ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಬಟ್ಟಲು. ಮಹಾದ್ ಮಿಂಚಿನಂತೆ ಬಗ್ಗಿಸಿ, ಬಟ್ಟಲು ಮುಂದಿಟ್ಟು, ಕೈಗಳನ್ನು ತೊಡೆಯ ಕೆಳಗೆ ತಳ್ಳಿ ಅವುಗಳ ಮೇಲೆಯೇ ಕೂತುಬಿಟ್ಟ.

ಘಾಲಿಯಾ ಬಟ್ಟಲನ್ನು ಕುಡಿಯದೆ ಪಕ್ಕಕ್ಕೆ ಸರಿಸಿದಳು. ತುಫೂಲ್ ಕೂಡ ಸರಿಸಿದಳು. ಕೇಳಿಕೆ ಇಟ್ಟುಕೊಂಡು ಬಂದವರು ಅದು ಈಡೇರುವವರೆಗೆ ಕಾಫಿ ಕುಡಿಯುವುದಿಲ್ಲ, ಕುಡಿಯದೆ ಅತಿಥಿ ಎದ್ದುಹೋದರೆ ಆ ಬಿಡಾರದ ಮಾನ ಹೋಯಿತು.

ಮಹಾದ್‌ನ ಮುಖ ಬೆವರಿತು. "ಕೇಳು ತಾಯಿ, ಏನು ಬೇಕು ಕೇಳು. ಆಡು ಬೇಕಾ? ಆ ಬಿಳಿ ಒಂಟೆ ನೋಡು, ಓಟದಲ್ಲಿ ಗೆದ್ದಿದ್ದು, ಅದನ್ನ ಕೊಡ್ತೀನಿ. ಗುಡಾರ ಕೊಡ್ತೀನಿ."

"ಏನೂ ಕೊಡಬೇಡಿ ದೊಡ್ಡಪ್ಪ," ಅಂದಳು ತುಫೂಲ್. "ಒಂದು ತಗೊಳ್ಳಿ."

"ಅದೊಂದು ಬಿಟ್ಟು ಬೇರೆ ಕೇಳಮ್ಮ. ಅದು ನಂದಲ್ಲ."

"ಅದು ನಿಮ್ಮ ಸಮ್ಹಾ."

"ಒಂಟೆ ಅಂದ್ಮೇಲೆ ಎಲ್ಲಾ ಒಂದೇ ಥರ ಇರ್ತವೆ."

ಒಂಟೆಗಳ ನಡುವೆಯೇ ಮುದುಕನಾದವನ ಬಾಯಲ್ಲಿ ಈ ಮಾತು ಬಂದದ್ದು ಕೇಳಿ ಘಾಲಿಯಾ ಕಣ್ಣು ಮುಚ್ಚಿಕೊಂಡಳು. ದೊಡ್ಡಿಯೊಳಗಿನ ಒಂಟೆಗಳೂ ಕತ್ತೆತ್ತಿ ನೋಡಿದಂತಿತ್ತು.

"ನಮ್ಮ ಯಂತ್ರಕ್ಕೆ ಹಾಗಲ್ಲ," ಅಂದಳು ತುಫೂಲ್. "ಅದಕ್ಕೆ ಸಮ್ಹಾ ಒಬ್ಬಳೇ ಗೊತ್ತು. ನಿಮ್ಮ ದೊಡ್ಡಿಯಲ್ಲಿರೋ ಯಾವ ಒಂಟೆಯನ್ನಾದರೂ ಅದರ ಮುಂದೆ ನಿಲ್ಲಿಸಿ, ಸುಮ್ಮನಿರುತ್ತೆ. ಇವಳನ್ನ ನೋಡಿ ಅದು ಮಾತಾಡಿದರೆ, ಇವಳು ಸಮ್ಹಾ ಅಂತ ಒಪ್ಕೋತೀರಾ?"

ಮಹಾದ್ ಯೋಚಿಸಿದ. ಯಂತ್ರಗಳು ಕೆಡುತ್ತವೆ ಎಂಬುದು ಅವನ ಅನುಭವ. "ಒಪ್ತೀನಿ," ಅಂದ.

ಪಿಕಪ್ಪನ್ನು ಗೋಡೆಗೆ ಎದುರಾಗಿ ನಿಲ್ಲಿಸಿದರು. ಗೋಡೆಯ ಮುಂದೆ ಮೊದಲು ಬಿಳಿ ಒಂಟೆ ನಿಂತಿತು. ಯಂತ್ರ ಸುಮ್ಮನಿತ್ತು. ಅದನ್ನು ಬಿಟ್ಟು ಸಮ್ಹಾಳನ್ನು ಪಿಕಪ್ಪಿನಿಂದ ಇಳಿಸಿ ನಿಲ್ಲಿಸಿದರು. ಯಂತ್ರ ಆಗಲೂ ಸುಮ್ಮನಿತ್ತು.

"ನೋಡಿದ್ಯಾ! ಅಲ್ಲ ಅಂತಿದೆ," ಎಂದ ಮಹಾದ್, ಬೆನ್ನ ಹಿಂದಿನ ಕೈಗಳಿಗೆ ಬಲ ಬಂದಂತೆ.

ತುಫೂಲ್ ಗಾಡಿಯೊಳಗೆ ಬಗ್ಗಿ ಯಂತ್ರದ ಪುಟ್ಟ ಪರದೆ ನೋಡಿದಳು. ಪರದೆಯ ತುಂಬ ಒಂದೇ ಬೂದು ಬಣ್ಣ. ಒಂಟೆ ನೀರು ಉಳಿಸಲು ಮೈಯನ್ನು ಬಿಸಿಲಿನ ಜೊತೆಗೇ ಕಾಯಲು ಬಿಡುತ್ತದೆ, ಮಧ್ಯಾಹ್ನ ಕಳೆದ ಮೇಲೆ ಗೋಡೆಯೂ ಒಂಟೆಯೂ ಒಂದೇ ಶಾಖ. ಶಾಖದ ಕಣ್ಣಿಗೆ ಅಲ್ಲಿ ಒಂಟೆಯೇ ಇರಲಿಲ್ಲ. ಬಖೀತ್ ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ಅವಳಿಗೆ ನಾಲ್ಕು ದಿನಗಳ ಮೇಲೆ ಏನೋ ಒಂದು ಸ್ಪಷ್ಟವಾಗಿ ಹೊಳೆಯಿತು.

"ಅತ್ತೆ, ನೀರು."

"ಕುಡಿಯೋಕಾ?"

"ಗೋಡೆಗೆ."

ಘಾಲಿಯಾ ಯಾಕೆಂದು ಕೇಳಲಿಲ್ಲ. ತೊಟ್ಟಿಯಿಂದ ಬಕೆಟ್ ತುಂಬಿ ತಂದಳು. ತುಫೂಲ್ ಗೋಡೆಗೆ ಎರಚಿದಳು. ಗೋಡೆ ಚುರ್ರ್ ಎಂದಿತು. ಇನ್ನೊಂದು ಬಕೆಟ್, ಮತ್ತೊಂದು. ಮರುಭೂಮಿಯಲ್ಲಿ ಗೋಡೆಗೆ ಸ್ನಾನ ಮಾಡಿಸುವ ಇಬ್ಬರು ಹೆಂಗಸರನ್ನು ಮಹಾದ್ ಬಾಯಿ ಬಿಟ್ಟುಕೊಂಡು ನೋಡಿದ. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಸಣ್ಣದಾಗಿ ಪ್ರಾರ್ಥನೆ ಶುರುಮಾಡಿದ. ನೀರು ಆರುತ್ತ ಗೋಡೆಯ ಶಾಖವನ್ನು ಎಳೆದುಕೊಂಡಿತು. ಪರದೆಯಲ್ಲಿ ಗೋಡೆ ಕಪ್ಪಾಗತೊಡಗಿತು. ಕಪ್ಪಿನೊಳಗಿಂದ ಬೆಂಕಿಪೊಟ್ಟಣಗಳು ಒಂದೊಂದಾಗಿ ಬೆಳಗಿದವು: ಕಾಲು, ಹೊಟ್ಟೆ, ಕತ್ತು, ಎಡಕ್ಕೆ ವಾಲಿದ ಡುಬ್ಬ.

"ಒಂಟೆ ಕಣೋ! ಕಣ್ಣೆಲ್ಲಿಟ್ಟಿದೀಯ? ಬ್ರೇಕ್ ಹಾಕು!"

ರೆಕಾರ್ಡ್ ಮಾಡಿದ ದಿನ ಬಖೀತ್‌ಗೆ ನೆಗಡಿಯಾಗಿತ್ತು. ಮೂಗು ಕಟ್ಟಿದ ದನಿ. ತುಫೂಲ್ ಬಕೆಟ್ ಹಿಡಿದುಕೊಂಡೇ ನಿಂತಳು.

"ಒಂಟೆ ಕಣೋ! ಕಣ್ಣೆಲ್ಲಿಟ್ಟಿದೀಯ? ಬ್ರೇಕ್ ಹಾಕು!"

ಸಮ್ಹಾ ಕಿವಿ ನಿಮಿರಿಸಿ ಪಿಕಪ್ಪಿನ ಕಡೆ ಎರಡು ಹೆಜ್ಜೆ ಬಂದಳು, ದಿನವೂ ಆ ದನಿಯ ಹಿಂದೆಯೇ ಮೇವು ಬರುತ್ತಿದ್ದುದರಿಂದ. ಘಾಲಿಯಾ ತಲೆಯ ಬಟ್ಟೆಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಯಾರೂ ಯಂತ್ರವನ್ನು ಆರಿಸಲು ಹೋಗಲಿಲ್ಲ. ಒಂಟೆ ಎದುರಿಗಿರುವವರೆಗೂ ಅದು ಬೈಯುತ್ತಲೇ ಇರುತ್ತಿತ್ತು.

"ಹಾಕಿದೆ ಕಣಪ್ಪಾ!" ಎಂದು ಮಹಾದ್ ಯಂತ್ರಕ್ಕೆ ಕೂಗಿ ಹೇಳಿದ. "ಹಾಕಿದೀನಿ ಮಗನೇ, ಬ್ರೇಕ್ ಹಾಕಿದೀನಿ!"

"ಕಣ್ಣೆಲ್ಲಿಟ್ಟಿದೀಯ?"

"ಇಲ್ಲೇ ಇದೆ ಕಣೋ, ನೋಡ್ತಾ ಇದೀನಿ!"

ಗೋಡೆ ಒಣಗಿತು. ಬಿಸಿಲು ಅದನ್ನು ಮತ್ತೆ ಕಾಯಿಸಿತು. ಸಮ್ಹಾ ನಿಂತಲ್ಲೇ ನಿಂತಿದ್ದರೂ ಪರದೆಯಿಂದ ಸ್ವಲ್ಪಸ್ವಲ್ಪವೇ ಕರಗಿಹೋದಳು. ದನಿ ಮಾತಿನ ನಡುವೆ ನಿಂತುಹೋಯಿತು. ತುಫೂಲ್‌ಳ ಬಕೆಟ್‌ನಲ್ಲಿ ಇನ್ನೂ ನೀರಿತ್ತು. ಅವಳು ಅದನ್ನು ಗೋಡೆಯ ಕಡೆ ಎತ್ತಿದಳು, ತಡೆದಳು, ಒಂಟೆಯ ಮುಂದಿಟ್ಟಳು. ಸಮ್ಹಾ ಕುಡಿದಳು.

"ಸರಿ," ಎಂದ ಮಹಾದ್ ಮೂಗೊರೆಸಿಕೊಳ್ಳಲು ಕೈ ತೆಗೆದು, ಬೇಗನೆ ಮತ್ತೆ ಹಿಂದಕ್ಕೆ ಕಟ್ಟಿಕೊಂಡು. "ಸಮ್ಹಾನೇ. ಒಪ್ದೆ. ಆದರೆ ಹೇಗೆ ತಗೊಳ್ಳಲಿ ಮಗಳೇ? ನಾನು ಕೊಟ್ಟ ಒಂಟೆ ನಿನ್ನ ಗಂಡನ್ನ ತಿಂದುಹಾಕ್ತು. ಅದರ ಹಗ್ಗ ಈ ಕೈಯಲ್ಲಿ ಹಿಡಿದರೆ ಈ ಕೈಯಲ್ಲಿ ನಾಳೆ ಊಟ ಹೇಗೆ ಮಾಡಲಿ?"

ತುಫೂಲ್ ಅತ್ತೆಯ ಕಡೆ ನೋಡಿದಳು. ಘಾಲಿಯಾ ನೆಲ ನೋಡುತ್ತಿದ್ದಳು.

ಒಂಟೆಯೇ ಆಗಿದ್ದರೆ ಚೆನ್ನಾಗಿತ್ತು. ಒಂಟೆಗೆ ಕಾಲಿರುತ್ತಿತ್ತು, ತೂಕವಿರುತ್ತಿತ್ತು, ಅದು ಎಲ್ಲಿಂದಲೋ ಬಂದಿರುತ್ತಿತ್ತು. ನಿಂತುಹೋದ ಎದೆ ಎಲ್ಲಿಂದಲೂ ಬರುವುದಿಲ್ಲ.

"ಅವರು ಆಫೀಸಿನ ಹೊರಗೆ ಗಾಡಿ ನಿಲ್ಸಿದ್ರು," ಅಂದಳು ತುಫೂಲ್. ಇಷ್ಟು ದಿನ ಯಾರಿಗೂ ಹೇಳದ ಮಾತಾದ್ದರಿಂದ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಬೆಳಿಗ್ಗೆ. ಬೆಲ್ಟ್ ಹಾಕ್ಕೊಂಡೇ ಇದ್ರು. ಎಂಜಿನ್ ಆಫ್ ಆಗಿತ್ತು. ಕೈಯಲ್ಲಿ ಪರಾಟಾ ಇತ್ತು, ಅರ್ಧ ತಿಂದಿದ್ರು. ಎದೆ ನಿಂತುಹೋಯ್ತು ಅಂದ್ರು ಡಾಕ್ಟರು. ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಗಾಡಿ ಮುಂದೆ ಒಂದು ಗೋಡೆ ಇತ್ತು. ಒಂಟೆ ಇರಲಿಲ್ಲ, ದೊಡ್ಡಪ್ಪ. ಯಾವ ಒಂಟೆಯೂ ಇರಲಿಲ್ಲ."

ಮಹಾದ್ ಘಾಲಿಯಾಳನ್ನು ನೋಡಿದ.

"ಹೌದು ಕಣೋ," ಅಂದಳು ಘಾಲಿಯಾ. "ಏನೂ ಇರಲಿಲ್ಲ."

ತುಫೂಲ್ ಹೋಗಿ ಸಮ್ಹಾಳ ಹಗ್ಗ ಹಿಡಿದು ಬಂದಳು. ಮುದುಕನ ಮುಂದೆ ನಿಂತು ಕೈ ಚಾಚಿದಳು. ಮಹಾದ್‌ನ ಬೆನ್ನ ಹಿಂದಿನಿಂದ ಮೊದಲು ಎಡಗೈ ಬಂತು, ಅದನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಬಲಗೈ ಬಂತು. ಹಗ್ಗ ಹಿಡಿದ.

"ತಲುಪಿತು," ಅಂದ.

ಅವಳ ಬೆರಳುಗಳು ಹಗ್ಗದ ಮೇಲೆಯೇ ಇದ್ದವು. ಮಹಾದ್ ಎಳೆಯಲಿಲ್ಲ, ಕಾದ. ಗುಡಾರದ ಕಡೆ ಹೋಗಿ ಕೂತ ಘಾಲಿಯಾ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಕಹಿಗೆ ಮುಖ ಕಿವುಚಿದಳು.

"ಬಿಡು ಮಗಳೇ," ಅಂದ ಮಹಾದ್.

ತುಫೂಲ್ ಬಿಟ್ಟಳು.